‘ಸರ್ವರ್ ಡೌನ್’ ಆದಾಗ ಕಾಯಬೇಕಾದವರು ಯಾರು?

ಕಳೆದ ಹತ್ತು-ಹದಿನೈದು ವರ್ಷಗಳಲ್ಲಿ ಕನ್ನಡಕ್ಕೆ ಬಂದು ಸೇರಿದ ಪದಗಳಲ್ಲಿ ‘ಸರ್ವರ್’ನಷ್ಟು ಬೇಗ ಹಳ್ಳಿಯ ಮಾತಾಗಿಬಿಟ್ಟ ಪದ ಇನ್ನೊಂದು ಇರಲಿಕ್ಕಿಲ್ಲ. ‘ಸರ್ವರ್ ಇಲ್ಲ’, ‘ಸರ್ವರ್ ಬಿಜಿ’, ‘ನಾಳೆ ಬಾರಮ್ಮ, ಸರ್ವರ್ ಬಂದ್ರೆ ನೋಡಣ’. ಚಳ್ಳಕೆರೆ, ಮೊಳಕಾಲ್ಮೂರು ಕಡೆ ನ್ಯಾಯಬೆಲೆ ಅಂಗಡಿ, ನಾಡಕಚೇರಿ, ಪಹಣಿ ಕೌಂಟರ್ ಮುಂದೆ ಒಮ್ಮೆಯಾದರೂ ನಿಂತವರಿಗೆ ಈ ಮಾತುಗಳ ಅರ್ಥ ಬಿಡಿಸಿ ಹೇಳಬೇಕಿಲ್ಲ. ಮಳೆ ಬಂದಿಲ್ಲ ಅನ್ನೋ ಧಾಟಿಯಲ್ಲೇ ಸರ್ವರ್ ಬಂದಿಲ್ಲ ಅಂತಾರೆ. ಯಾರ ತಪ್ಪೂ ಅಲ್ಲ, ಯಾರನ್ನೂ ಬೈಯೋ ಹಾಗಿಲ್ಲ, ಮೇಲಿಂದ ಬರಬೇಕು ಅಷ್ಟೇ.

ಆದರೆ ಸರ್ವರ್ ಮಳೆ ಅಲ್ಲ. ನೆಟ್‌ವರ್ಕ್ ಕಡಿದುಹೋಗೋದು ಆಕಸ್ಮಿಕ ಇರಬಹುದು. ಕಡಿದಾಗ ಏನಾಗಬೇಕು ಅನ್ನೋದು ಆಕಸ್ಮಿಕ ಅಲ್ಲ. ಅದನ್ನು ಯಾರೋ ಒಂದು ಕೋಣೆಯಲ್ಲಿ ಕೂತು, ಟೆಂಡರ್ ದಾಖಲೆಯಲ್ಲಿ ಬರೆದು, ಮೊದಲೇ ತೀರ್ಮಾನಿಸಿರುತ್ತಾರೆ. ಅಕ್ಕಿ ಕೊಡಬೇಕೋ, ವಾಪಸ್ ಕಳಿಸಬೇಕೋ? ಪಹಣಿ ಮುದ್ರಿಸಬೇಕೋ, ಕೌಂಟರ್ ಮುಚ್ಚಬೇಕೋ? ಇದು ತಂತ್ರಜ್ಞಾನದ ಪ್ರಶ್ನೆ ಅಂತ ನಾವು ಎಂಜಿನಿಯರ್‌ಗಳಿಗೆ ಬಿಟ್ಟುಕೊಟ್ಟಿದ್ದೇವೆ. ನಾನೂ ಎಂಜಿನಿಯರಿಂಗ್ ಓದಿದವನೇ. ಈ ಪ್ರಶ್ನೆಯ ಅರ್ಧ ಮಾತ್ರ ತಂತ್ರಜ್ಞಾನ. ಇನ್ನರ್ಧ ಶುದ್ಧ ರಾಜಕಾರಣ.

ಮೊದಲು ತಂತ್ರಜ್ಞಾನದ ಅರ್ಧವನ್ನೇ ಮುಗಿಸಿಬಿಡೋಣ. ಚಳ್ಳಕೆರೆಯಲ್ಲಿ ಒಂದು ಕಿರಾಣಿ ಅಂಗಡಿ, ಅದರದ್ದೇ ಇನ್ನೊಂದು ಶಾಖೆ ಮೊಳಕಾಲ್ಮೂರಿನಲ್ಲಿ ಅಂದುಕೊಳ್ಳಿ. ಎರಡೂ ಕಡೆ ಒಂದೇ ಉದ್ರಿ ಪುಸ್ತಕದ ಎರಡು ಪ್ರತಿ. ಚಳ್ಳಕೆರೆಯಲ್ಲಿ ಒಬ್ಬರು ಉದ್ರಿ ತಗೊಂಡ್ರೆ ತಕ್ಷಣ ಫೋನ್ ಮಾಡಿ ಮೊಳಕಾಲ್ಮೂರಿನ ಪುಸ್ತಕದಲ್ಲೂ ಬರೆಸಬೇಕು. ಒಂದು ದಿನ ಫೋನ್ ಸತ್ತುಹೋಗುತ್ತೆ. ಅದೇ ಹೊತ್ತಿಗೆ ಗಿರಾಕಿ ಬಂದು ನಿಂತಿದ್ದಾನೆ. ಈಗ ಅಂಗಡಿಯವನ ಮುಂದೆ ಎರಡೇ ದಾರಿ. ‘ಫೋನ್ ಸರಿಹೋಗೋವರೆಗೆ ಉದ್ರಿ ಇಲ್ಲ’ ಅನ್ನಬಹುದು. ಆಗ ಎರಡೂ ಪುಸ್ತಕ ತಾಳೆಯಾಗುತ್ತವೆ, ಆದರೆ ಗಿರಾಕಿ ಬರಿಗೈಲಿ ಹೋಗ್ತಾನೆ. ಇಲ್ಲವೇ ಸಾಮಾನು ಕೊಟ್ಟು, ಬರೆದಿಟ್ಟುಕೊಂಡು, ಆಮೇಲೆ ಎರಡನ್ನೂ ಹೊಂದಿಸಬಹುದು. ಆಗ ಗಿರಾಕಿಗೆ ಸಾಮಾನು ಸಿಗುತ್ತೆ. ಅವನು ಎರಡೂ ಕಡೆ ಉದ್ರಿ ಮಾಡಿ ಮಿತಿ ಮೀರಿಸಿದ್ರೆ ಸ್ವಲ್ಪ ನಷ್ಟ ಆಗಬಹುದು.

ಮೂರನೇ ದಾರಿ ಇಲ್ಲ. ಕಂಪ್ಯೂಟರ್ ವಿಜ್ಞಾನದಲ್ಲಿ ಇದಕ್ಕೆ ಕ್ಯಾಪ್ ಪ್ರಮೇಯ ಅಂತಾರೆ. 2000ದಲ್ಲಿ ಎರಿಕ್ ಬ್ರೂವರ್ ಇದನ್ನು ಮುಂದಿಟ್ಟರು, 2002ರಲ್ಲಿ ಸೇತ್ ಗಿಲ್ಬರ್ಟ್ ಮತ್ತು ನ್ಯಾನ್ಸಿ ಲಿಂಚ್ ಸಾಬೀತು ಮಾಡಿದರು. ದತ್ತಾಂಶದ ಪ್ರತಿಗಳು ಬೇರೆ ಬೇರೆ ಊರಲ್ಲಿದ್ದು ನಡುವಿನ ಸಂಪರ್ಕ ಕಡಿದಾಗ, ‘ಲೆಕ್ಕ ಯಾವತ್ತೂ ತಾಳೆಯಾಗಿರಬೇಕು’ ಮತ್ತು ‘ಬಾಗಿಲು ಯಾವತ್ತೂ ತೆರೆದಿರಬೇಕು’ ಎರಡನ್ನೂ ಒಟ್ಟಿಗೆ ಪಡೆಯೋಕೆ ಆಗಲ್ಲ. ಒಂದನ್ನು ಬಿಡಲೇಬೇಕು. ಯಾವುದನ್ನು ಬಿಡೋದು ಅಂತ ಪ್ರಮೇಯ ಹೇಳಲ್ಲ. ಅಲ್ಲಿಗೆ ಗಣಿತ ಮುಗೀತು.

ಈಗ ಮೊಳಕಾಲ್ಮೂರು ತಾಲ್ಲೂಕಿಗೇ ಬರೋಣ. ನಿಧಾನ ಸಂಪರ್ಕದ ಮೇಲೆ ಒಂದೇ ದತ್ತಾಂಶವನ್ನು ಹಲವು ಕಡೆ ಇಡುವ ಕೆಲಸ ಈ ತಾಲ್ಲೂಕಿಗೆ ಹೊಸದಲ್ಲ. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ - ಕೆಲವೇ ಕಿಲೋಮೀಟರ್ ಅಂತರದ ಈ ಮೂರು ಜಾಗಗಳಲ್ಲಿ ಅಶೋಕನ ಕಿರು ಶಿಲಾಶಾಸನಗಳಿವೆ, 1892ರಲ್ಲಿ ಬಿ.ಎಲ್. ರೈಸ್ ಇವನ್ನು ಬೆಳಕಿಗೆ ತಂದರು. ಇವು ಬೇರೆ ಬೇರೆ ಮಾತುಗಳಲ್ಲ, ಒಂದೇ ಪಠ್ಯದ ಮೂರು ಪ್ರತಿ. ಅದೇ ಪಠ್ಯದ ಇನ್ನಷ್ಟು ಪ್ರತಿಗಳು ಮಧ್ಯಪ್ರದೇಶದ ರೂಪನಾಥದಲ್ಲಿ, ಬಿಹಾರದ ಸಾಸಾರಾಮ್‌ನಲ್ಲಿ, ನಮ್ಮ ಮಸ್ಕಿಯಲ್ಲಿ ಇವೆ. ಬ್ರಹ್ಮಗಿರಿಯ ಪ್ರತಿಯ ಶುರುವಿನಲ್ಲೇ ಒಂದು ಮಜಾ ಇದೆ. ಸುವರ್ಣಗಿರಿಯಲ್ಲಿದ್ದ ಆರ್ಯಪುತ್ರ ಮತ್ತು ಮಹಾಮಾತ್ರರು ಇಸಿಲದ ಮಹಾಮಾತ್ರರ ಕ್ಷೇಮ ವಿಚಾರಿಸಿ, ಈ ಆಜ್ಞೆಯನ್ನು ತಿಳಿಸುತ್ತಿದ್ದಾರೆ ಅಂತ ಬರೆದಿದೆ. ಅಂದ್ರೆ ಆಜ್ಞೆಯ ಜೊತೆ ಬಂದ ಕಚೇರಿ ಪತ್ರವನ್ನೂ ಕಲ್ಲಿಗೆ ಏರಿಸಿಬಿಟ್ಟಿದ್ದಾರೆ! ವಾಟ್ಸಾಪ್‌ನಲ್ಲಿ ‘ಫಾರ್ವರ್ಡೆಡ್’ ಅಂತ ಮೇಲೆ ಬರುತ್ತಲ್ಲ, ಹಾಗೆ. ಕೊನೆಯಲ್ಲಿ ಬರೆದವನ ಹೆಸರಿದೆ, ಚಪಡ. ತನ್ನ ವೃತ್ತಿಯ ಹೆಸರನ್ನು ಮಾತ್ರ ವಾಯವ್ಯ ಭಾರತದ ಖರೋಷ್ಠಿ ಲಿಪಿಯಲ್ಲಿ ಕೆತ್ತಿದ್ದಾನೆ.

ರಾಜಧಾನಿಯಿಂದ ಪ್ರಾಂತೀಯ ಕೇಂದ್ರ, ಅಲ್ಲಿಂದ ಇಸಿಲ, ಇಸಿಲದಿಂದ ಮೂರು ಬಂಡೆ. ಪ್ರತಿಗಳ ನಡುವೆ ಅಲ್ಲಲ್ಲಿ ಪದ, ಕಾಗುಣಿತ ವ್ಯತ್ಯಾಸ ಇದೆ. ದೂರದ ನಕಲಿನಲ್ಲಿ ಅದು ಸಹಜ. ಮುಖ್ಯ ಸಂಗತಿ ಏನಂದ್ರೆ, ಒಮ್ಮೆ ಕೆತ್ತಿದ ಮೇಲೆ ಇಸಿಲದವರು ಅದನ್ನು ಓದೋಕೆ ಪ್ರತಿ ಸಲ ಪಾಟಲಿಪುತ್ರದ ಅನುಮತಿ ಕೇಳಬೇಕಿರಲಿಲ್ಲ. ದೂರದ ರಾಜ್ಯಭಾರಕ್ಕೆ ಆಗ ಇದ್ದ ಉಪಾಯ ಅದು. ವಿಷಯವನ್ನು ಜನ ಇರುವ ಕಡೆ ಇಟ್ಟುಬಿಡು, ನಿಧಾನಕ್ಕೆ ಬದಲಾಯಿಸಿಕೋ. ಹಳೇ ರಾಜರನ್ನು ಹೊಗಳೋ ಚಟ ನನಗಿಲ್ಲ. ಅಶೋಕನ ವ್ಯವಸ್ಥೆಯಲ್ಲಿ ಇಸಿಲದಿಂದ ಪಾಟಲಿಪುತ್ರಕ್ಕೆ ಪ್ರಜೆಯ ಅರ್ಜಿ ಹೋಗುವ ದಾರಿ ಹೇಗಿತ್ತೋ ಬಂಡೆಗಳಂತೂ ಹೇಳಲ್ಲ. ಆದರೆ ‘ಪ್ರತಿಯನ್ನು ಜನರ ಹತ್ತಿರ ಇಡು’ ಅನ್ನೋ ಭಾಗವನ್ನು ನಮ್ಮ ಸರ್ಕಾರ ಒಂದು ಕಾಲಕ್ಕೆ ಮಾಡಿತ್ತು, ಆಮೇಲೆ ಕೈಬಿಟ್ಟಿತು. ಅದು ‘ಭೂಮಿ’ಯ ಕಥೆ.

2001ರ ಹೊತ್ತಿಗೆ ಕರ್ನಾಟಕ ಸುಮಾರು 2 ಕೋಟಿ ಪಹಣಿಗಳನ್ನು, 67 ಲಕ್ಷ ಭೂಮಾಲೀಕರ ದಾಖಲೆಗಳನ್ನು ಕಂಪ್ಯೂಟರಿಗೆ ಏರಿಸಿತು. ಅಲ್ಲಿಯವರೆಗೆ ಸುಮಾರು 9 ಸಾವಿರ ಗ್ರಾಮ ಲೆಕ್ಕಿಗರ ಕಪಾಟಿನಲ್ಲಿದ್ದ ಪುಸ್ತಕಗಳು ತಾಲ್ಲೂಕು ಕಚೇರಿಗೆ ಬಂದವು. 15 ರೂಪಾಯಿ ಕೊಟ್ರೆ ಪಹಣಿ ಕೈಗೆ. ಕೈಬರಹದ ಪಹಣಿಗೆ ಬೆಲೆ ಹೋಯಿತು. ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಇದರ ಮುಂದಾಳು, ತಂತ್ರಾಂಶ ಎನ್‌ಐಸಿಯದ್ದು. ಇಲ್ಲಿ ಜನ ಮರೆತಿರುವ ಒಂದು ವಿವರ ಇದೆ. ಆ ಮೊದಲ ‘ಭೂಮಿ’ಯಲ್ಲಿ ಪ್ರತಿ ತಾಲ್ಲೂಕು ಕಚೇರಿಯಲ್ಲೂ ಅದರದ್ದೇ ಸರ್ವರ್ ಇತ್ತು. ಚಳ್ಳಕೆರೆಯ ಪಹಣಿ ಚಳ್ಳಕೆರೆಯ ಪೆಟ್ಟಿಗೆಯಲ್ಲಿ, ಮೊಳಕಾಲ್ಮೂರಿನದ್ದು ಮೊಳಕಾಲ್ಮೂರಿನಲ್ಲಿ. ಬೆಂಗಳೂರಿನ ಸಂಪರ್ಕ ಕಡಿದರೂ ಕೌಂಟರ್ ನಡೀತಿತ್ತು. ಕರೆಂಟ್ ಹೋದ್ರೆ ಮಾತ್ರ ಕಷ್ಟ.

ಅದೇನು ಸುವರ್ಣಯುಗ ಅಲ್ಲ. ತಾಲ್ಲೂಕು ಸರ್ವರ್ ಕೆಟ್ಟರೆ ದುರಸ್ತಿಗೆ ಜನ ಇರಲಿಲ್ಲ, ಒಂದು ತಾಲ್ಲೂಕಿನ ಮಾಹಿತಿ ಇನ್ನೊಂದಕ್ಕೆ ಕಾಣ್ತಿರಲಿಲ್ಲ, ಬ್ಯಾಂಕಿನವರಿಗೂ ನೋಡೋಕೆ ಆಗ್ತಿರಲಿಲ್ಲ. ಹಳ್ಳಿಯಿಂದ ತಾಲ್ಲೂಕಿಗೆ ದಾಖಲೆ ಎತ್ತಿಕೊಂಡು ಹೋದದ್ದೇ ಬಡವರಿಗಿಂತ ದೊಡ್ಡ ಭೂ ವ್ಯವಹಾರಸ್ಥರಿಗೆ ಅನುಕೂಲವಾಯಿತು ಅಂತ 2007ರಲ್ಲಿ ಸಾಲೊಮನ್ ಬೆಂಜಮಿನ್ ಮತ್ತು ಸಂಗಡಿಗರು ಕಟುವಾಗಿ ಬರೆದಿದ್ದರು. ಆ ಟೀಕೆಯನ್ನು ಓದದೆ ‘ಭೂಮಿ’ಯನ್ನು ಹೊಗಳೋದು ಅಪ್ರಾಮಾಣಿಕ. ಹಾಗಾಗಿ ತಾಲ್ಲೂಕಿನ ದತ್ತಾಂಶದ ಒಂದು ಪ್ರತಿ ಬೆಂಗಳೂರಿನಲ್ಲೂ ಇರಬೇಕು ಅನ್ನೋದಕ್ಕೆ ಒಳ್ಳೆಯ ಕಾರಣಗಳಿದ್ದವು.

ಮಧ್ಯೆ ಅಡ್ಡ ಬಂದದ್ದು ತಂತಿ. ಕೇಂದ್ರ ಸರ್ಕಾರ 2005ರಲ್ಲಿ ಒಪ್ಪಿದ ರಾಜ್ಯವ್ಯಾಪಿ ಜಾಲದ ಯೋಜನೆಯಲ್ಲಿ (ನಮ್ಮಲ್ಲಿ ಅದು ಕೆಸ್ವಾನ್) ತಾಲ್ಲೂಕು ಮಟ್ಟಕ್ಕೆ ಕನಿಷ್ಠ ವೇಗ ಸೆಕೆಂಡಿಗೆ 2 ಮೆಗಾಬಿಟ್ ಅಂತ ನಿಗದಿಯಾಗಿತ್ತು. ಲೆಕ್ಕ ಹಾಕಿ: 2 ಮೆಗಾಬಿಟ್ ಅಂದ್ರೆ ಸೆಕೆಂಡಿಗೆ ಕಾಲು ಮೆಗಾಬೈಟ್. 1 ಗಿಗಾಬೈಟ್ ಕಳಿಸೋಕೆ, ಬೇರೆ ಯಾರೂ ಆ ತಂತಿ ಮುಟ್ಟದಿದ್ರೆ, ಒಂದು ಗಂಟೆಗೂ ಮಿಕ್ಕಿ ಬೇಕು. ಇಡೀ ದತ್ತಾಂಶವನ್ನು ದಿನಾ ನಕಲು ಮಾಡೋದು ಆಗದ ಮಾತು. ಆದರೆ ಹಾಗೆ ಮಾಡಬೇಕಾಗೇ ಇಲ್ಲ. ಇವತ್ತು ಏನು ಬದಲಾಯಿತೋ ಅಷ್ಟನ್ನೇ ಕಳಿಸಿದ್ರೆ ಸಾಕು. ಒಂದು ತಾಲ್ಲೂಕಿನಲ್ಲಿ ದಿನಕ್ಕೆ 200 ಬದಲಾವಣೆ, ಒಂದೊಂದಕ್ಕೆ 5 ಕಿಲೋಬೈಟ್ ಅಂತ ಧಾರಾಳವಾಗಿ ಹಿಡಿದರೂ ಒಟ್ಟು 1 ಮೆಗಾಬೈಟ್. ನಾಲ್ಕು ಸೆಕೆಂಡಿನ ಕೆಲಸ. ಮಧ್ಯಾಹ್ನ ತಂತಿ ಸತ್ತಿದ್ರೆ ರಾತ್ರಿ ಕಳಿಸಬಹುದು. ರಾತ್ರಿ ಸತ್ತಿದ್ರೆ ಬೆಳಗ್ಗೆ. ನಿಧಾನ ಸಂಪರ್ಕದಲ್ಲಿ ಪ್ರತಿ ಇಟ್ಟುಕೊಳ್ಳೋದು ಅಂದ್ರೆ ಇಷ್ಟೇ: ಹತ್ತಿರದಲ್ಲಿ ಬರೆದುಕೋ, ಬದಲಾವಣೆಗಳ ಸಾಲನ್ನು ಕ್ರಮವಾಗಿ ಹಿಡಿದಿಟ್ಟುಕೋ, ದಾರಿ ಸಿಕ್ಕಾಗ ಕಳಿಸು, ಗೊಂದಲ ಬಂದ್ರೆ ಯಾವ ನಿಯಮದ ಪ್ರಕಾರ ಬಗೆಹರಿಸಬೇಕು ಅಂತ ಮೊದಲೇ ಬರೆದಿಡು.

ನಾವು ಹಿಡಿದ ದಾರಿ ಇದಲ್ಲ. ಸಂಪರ್ಕ ಸುಧಾರಿಸುತ್ತಾ ಹೋದ ಹಾಗೆ ಎಲ್ಲವೂ ಬೆಂಗಳೂರಿನ ದತ್ತಾಂಶ ಕೇಂದ್ರಕ್ಕೆ ಹೋಯಿತು. ತಾಲ್ಲೂಕಿನ ಕಂಪ್ಯೂಟರ್ ಬರೀ ಕಿಟಕಿ ಆಯಿತು. ಅದರ ಪರಿಣಾಮ ನೋಡಬೇಕಂದ್ರೆ 2025ರ ಆರಂಭ ನೆನಪಿಸಿಕೊಳ್ಳಿ. ನೋಂದಣಿ ಇಲಾಖೆಯ ಕಾವೇರಿ 2.0 ಮೇಲೆ ಡಿಡಿಒಎಸ್ ದಾಳಿ ಆದಾಗ ರಾಜ್ಯದುದ್ದಕ್ಕೂ ನೋಂದಣಿಗೆ ಪೆಟ್ಟು ಬಿತ್ತು. ಹಿಂದೆ ಮೊಳಕಾಲ್ಮೂರಿನ ಪೆಟ್ಟಿಗೆ ಕೆಟ್ಟರೆ ಮೊಳಕಾಲ್ಮೂರು ಮಾತ್ರ ನಿಲ್ಲುತ್ತಿತ್ತು. ಈಗ ಒಂದು ಕಡೆ ಕೆಟ್ಟರೆ ಎಲ್ಲರೂ ನಿಲ್ಲುತ್ತಾರೆ.

ಹಾಗಂತ ಎಲ್ಲ ಕಡೆಯೂ ಬಾಗಿಲು ತೆರೆದಿಡಿ ಅಂತ ನಾನು ಹೇಳ್ತಿಲ್ಲ. ಜಮೀನು ಮಾರಾಟವನ್ನೇ ತಗೊಳ್ಳಿ. ಉಪನೋಂದಣಿ ಕಚೇರಿಯ ಕಾವೇರಿ ಮತ್ತು ತಾಲ್ಲೂಕಿನ ‘ಭೂಮಿ’ ಒಂದಕ್ಕೊಂದು ಮಾತಾಡದೆ ಇದ್ದ ದಿನಗಳಲ್ಲಿ, ಒಂದು ಕಡೆ ಕ್ರಯಪತ್ರ ಆಗಿದ್ದು ಇನ್ನೊಂದು ಕಡೆ ಗೊತ್ತೇ ಇಲ್ಲದೆ, ಅದೇ ಜಮೀನನ್ನು ಮತ್ತೊಬ್ಬರಿಗೆ ಮಾರೋಕೆ ದಾರಿ ಇತ್ತು. ಎರಡನ್ನೂ ಜೋಡಿಸಿ, ನೋಂದಣಿ ಆದ ತಕ್ಷಣ ಮ್ಯುಟೇಷನ್ ತಾನಾಗೇ ಶುರುವಾಗುವ ಹಾಗೆ ಮಾಡಿದ್ದು ಸರಿಯಾದ ಕೆಲಸ. ಇಲ್ಲಿ ಸಂಪರ್ಕ ಕಡಿದ್ರೆ ವ್ಯವಹಾರ ನಿಲ್ಲಬೇಕು. ಒಂದು ದಿನ ತಡ ಆದ್ರೆ ಯಾರೂ ಸಾಯಲ್ಲ, ಜಮೀನು ಎರಡು ಸಲ ಮಾರಾಟ ಆದ್ರೆ ಒಂದು ಕುಟುಂಬ ಇಪ್ಪತ್ತು ವರ್ಷ ಕೋರ್ಟಿಗೆ ಅಲೆಯುತ್ತೆ.

ಪಹಣಿಯನ್ನು ಓದೋದು ಬೇರೆ. ಬೆಳೆಸಾಲದ ಅರ್ಜಿಗೆ, ಸಬ್ಸಿಡಿ ಬೀಜಕ್ಕೆ ಬೇಕಾದ ಪಹಣಿ ನಿನ್ನೆ ರಾತ್ರಿಯ ಪ್ರತಿಯೇ ಆದರೂ ನಡೆಯುತ್ತೆ. ‘ಇದು ಇಂಥ ದಿನಾಂಕದ, ಇಷ್ಟು ಗಂಟೆಯ ಸ್ಥಿತಿ’ ಅಂತ ಮೇಲೆ ಮುದ್ರಿಸಿದ್ರೆ ಮುಗೀತು. ತಾಲ್ಲೂಕಿನಲ್ಲೊಂದು ಓದುವ ಪ್ರತಿ ಇಟ್ಟಿದ್ರೆ, ಬೆಂಗಳೂರು ಮಲಗಿದ ದಿನವೂ ದೇವಸಮುದ್ರದಿಂದ, ಪರಶುರಾಂಪುರದಿಂದ ಬಸ್ಸು ಹತ್ತಿ ಬಂದವರು ಕೂಲಿ ಕಳಕೊಂಡು ವಾಪಸ್ ಹೋಗಬೇಕಿಲ್ಲ.

ಇನ್ನು ರೇಷನ್. ನನ್ನ ಸಿಟ್ಟು ಇರೋದು ಇಲ್ಲಿ.

ಹೆಬ್ಬೆಟ್ಟು ಒತ್ತಿದಾಗ ಏನಾಗುತ್ತೆ? ಬೆರಳಿನ ಗುರುತು ಅಂಗಡಿಯ ಯಂತ್ರದಿಂದ ಮೊಬೈಲ್ ಟವರ್, ಅಲ್ಲಿಂದ ಆಹಾರ ಇಲಾಖೆಯ ಸರ್ವರ್, ಅಲ್ಲಿಂದ ಆಧಾರ್ ಪ್ರಾಧಿಕಾರದ ಸರ್ವರ್, ಅಲ್ಲಿಂದ ಅದೇ ದಾರಿಯಲ್ಲಿ ವಾಪಸ್. ಇದರಲ್ಲಿ ಯಾವ ಒಂದು ಕೊಂಡಿ ಬಿಟ್ಟರೂ ಅಕ್ಕಿ ಇಲ್ಲ. ಅಕ್ಕಿ ಮೂಟೆ ಅಲ್ಲೇ ಕಣ್ಣೆದುರು ಇರುತ್ತೆ, ಕಾರ್ಡ್ ಕೈಲಿರುತ್ತೆ, ಅಂಗಡಿಯವರಿಗೆ ಆಕೆ ಯಾರ ಮನೆಯವಳು ಅಂತಲೂ ಗೊತ್ತಿರುತ್ತೆ. ಆದರೂ ಬೆಂಗಳೂರು ‘ಹೂಂ’ ಅನ್ನಬೇಕು. ಸ್ವಾರಸ್ಯ ನೋಡಿ, ಆಧಾರ್ ಪ್ರಾಧಿಕಾರ ತನ್ನ ದತ್ತಾಂಶವನ್ನು ಮಾತ್ರ ಒಂದೇ ಕಡೆ ಇಟ್ಟಿಲ್ಲ. ಬೆಂಗಳೂರಿನಲ್ಲೊಂದು, ಹರಿಯಾಣದ ಮಾನೇಸರ್‌ನಲ್ಲೊಂದು ಕೇಂದ್ರ. ಒಂದು ಬಿದ್ದರೆ ಇನ್ನೊಂದು ಇರಬೇಕು ಅನ್ನೋ ವಿವೇಕ ಸರ್ಕಾರಕ್ಕೆ ತನ್ನ ವಿಷಯದಲ್ಲಿ ಚೆನ್ನಾಗೇ ಇದೆ.

ಸಂಪರ್ಕ ಇಲ್ಲದ ಕಡೆ ಕೆಲಸ ಮಾಡುವ ವ್ಯವಸ್ಥೆ ಕಟ್ಟೋದು ಸರ್ಕಾರಕ್ಕೆ ಗೊತ್ತಿಲ್ಲವಾ? ಗೊತ್ತಿದೆ. ಬೆಳೆ ಸಮೀಕ್ಷೆ ಆ್ಯಪ್ ನೋಡಿ. 2020ರ ಮುಂಗಾರಿನಲ್ಲಿ ರೈತರೇ ಬಳಸುವ ಹಾಗೆ ಅದನ್ನು ಬಿಟ್ಟರು. ಊರಲ್ಲಿ ನೆಟ್‌ವರ್ಕ್ ಇರುವಾಗ ಸರ್ವೆ ನಂಬರುಗಳ ವಿವರ, ನಕ್ಷೆ ಇಳಿಸಿಕೊಳ್ಳಬೇಕು. ಹೊಲಕ್ಕೆ ಹೋಗಿ, ನೆಟ್ ಇಲ್ಲದಿದ್ದರೂ, ಶೇಂಗಾನೋ ಸಜ್ಜೆಯೋ ಅಂತ ದಾಖಲಿಸಿ ಫೋಟೋ ಹಿಡಿಯಬೇಕು. ಮತ್ತೆ ಊರಿಗೆ ಬಂದು ಅಪ್‌ಲೋಡ್ ಮಾಡಬೇಕು. ಪಠ್ಯಪುಸ್ತಕದಲ್ಲಿ ಇಡಬಹುದಾದ ಉದಾಹರಣೆ. ನರೇಗಾದಲ್ಲಿ 2023ರ ಜನವರಿಯಿಂದ ಎಲ್ಲ ಕಾಮಗಾರಿಗಳಿಗೂ ಕಡ್ಡಾಯ ಮಾಡಿದ ಹಾಜರಾತಿ ಆ್ಯಪ್‌ನಲ್ಲೂ, ಫೋಟೋವನ್ನು ಆಫ್‌ಲೈನ್‌ನಲ್ಲಿ ಹಿಡಿದು ಆಮೇಲೆ ಕಳಿಸಬಹುದು ಅಂತ ಕೇಂದ್ರ ಸಚಿವಾಲಯವೇ ಹೇಳಿತು. ಆದರೆ ಕಾಯಕ ಬಂಧುವಿನ ಫೋನಿನಿಂದ ಆ ಫೋಟೋ ಕೊನೆಗೂ ಮೇಲೆ ಹೋಗದಿದ್ರೆ? ಕೂಲಿ ಹೋಯ್ತು. ಗುಂಡಿ ತೋಡಿದ್ದು ನಿಜ, ಲೆಕ್ಕಕ್ಕೆ ಇಲ್ಲ.

ಇಲ್ಲೊಂದು ವಿನ್ಯಾಸ ಕಾಣುತ್ತೆ. ಜನರಿಂದ ಸರ್ಕಾರಕ್ಕೆ ಮಾಹಿತಿ ಹೋಗಬೇಕಾದಾಗ ಸಂಪರ್ಕ ಇಲ್ಲದಿದ್ದರೂ ಪರವಾಗಿಲ್ಲ, ತಡವಾಗಿ ಕಳಿಸಿ. ಸರ್ಕಾರದಿಂದ ಜನರಿಗೆ ಏನಾದರೂ ಬರಬೇಕಾದಾಗ ಮಾತ್ರ ಪ್ರತಿ ಕ್ಷಣ ತಾಳೆಯಾಗಬೇಕು. ಎರಡೂ ಕಡೆ ಸಂಪರ್ಕ ಕಡಿದ ನಷ್ಟ ಒಬ್ಬರ ಮೇಲೇ.

ಹಣದ ವಿಷಯದಲ್ಲಿ ನಾವು ಬೇರೆ ತೀರ್ಮಾನ ಮಾಡಿದ್ದೇವೆ. 2022ರ ಜನವರಿಯಲ್ಲಿ ರಿಸರ್ವ್ ಬ್ಯಾಂಕ್ ಇಂಟರ್ನೆಟ್ ಇಲ್ಲದೆಯೂ ಡಿಜಿಟಲ್ ಪಾವತಿ ಮಾಡಬಹುದು ಅಂತ ನಿಯಮ ತಂತು. ಒಂದು ಸಲಕ್ಕೆ 200 ರೂಪಾಯಿ, ಒಟ್ಟು 2,000. ಆ ಮಿತಿ 2023ರಲ್ಲಿ ಒಂದು ಸಲಕ್ಕೆ 500 ಆಯಿತು. 2024ರ ಡಿಸೆಂಬರ್‌ನಲ್ಲಿ ಯುಪಿಐ ಲೈಟ್‌ಗೆ ಒಂದು ಸಲಕ್ಕೆ 1,000, ಒಟ್ಟು 5,000. ಸಣ್ಣ ಮೊತ್ತಕ್ಕೆ ಸ್ವಲ್ಪ ಅಪಾಯ ಆದ್ರೂ ಇರಲಿ, ಜನರ ಕೆಲಸ ನಿಲ್ಲಬಾರದು ಅನ್ನೋ ತರ್ಕ ಅದು. ಒಳ್ಳೆಯ ತರ್ಕ. ಇದೇ ತರ್ಕವನ್ನು ಅಕ್ಕಿಗೆ ಹಾಕಿ. 2023ರಲ್ಲಿ ಅಕ್ಕಿ ಸಿಗದೆ ಹಣ ಕೊಟ್ಟಾಗ ರಾಜ್ಯ ಸರ್ಕಾರವೇ ಕಟ್ಟಿದ ಬೆಲೆ ಕೆಜಿಗೆ 34 ರೂಪಾಯಿ. 2025ರ ಫೆಬ್ರವರಿಯಲ್ಲಿ ಶುರುವಾದ ತಲಾ 10 ಕೆಜಿ ಲೆಕ್ಕದಲ್ಲಿ ನಾಲ್ಕು ಜನರ ಬಿಪಿಎಲ್ ಕುಟುಂಬದ ತಿಂಗಳ ಅಕ್ಕಿ 1,360 ರೂಪಾಯಿ. ಸಂಪರ್ಕ ಕಡಿದ ದಿನ ಅವರು ಎರಡು ಅಂಗಡಿಯಲ್ಲಿ ಎರಡು ಸಲ ತಗೊಂಡೇಬಿಟ್ಟರು ಅಂತಲೇ ಇಟ್ಟುಕೊಳ್ಳಿ. ಆಗುವ ಗರಿಷ್ಠ ನಷ್ಟ 1,360, ಅದನ್ನೂ ಮುಂದಿನ ತಿಂಗಳು ಹೊಂದಿಸಿಕೊಳ್ಳಬಹುದು. ಬೆಂಗಳೂರಿನ ಮೆಟ್ರೋದಲ್ಲಿ ನಿಂತು ಯುಪಿಐ ಲೈಟ್ ಒತ್ತುವವನ 5,000ಕ್ಕೆ ಕೊಟ್ಟ ನಂಬಿಕೆಯನ್ನು ಈ ಕುಟುಂಬಕ್ಕೆ ಯಾಕೆ ಕೊಡಲ್ಲ?

ತಾಂತ್ರಿಕವಾಗಿ ಇದು ಕಷ್ಟದ ಕೆಲಸವೂ ಅಲ್ಲ. ಒಂದು ಅಂಗಡಿಗೆ 500 ಕಾರ್ಡ್ ಅಂದುಕೊಂಡ್ರೆ, ಒಂದೊಂದಕ್ಕೆ 200 ಬೈಟ್ ಮಾಹಿತಿ, ಒಟ್ಟು 100 ಕಿಲೋಬೈಟ್. ವಾಟ್ಸಾಪ್‌ನಲ್ಲಿ ಬರೋ ಒಂದು ಫೋಟೋದಷ್ಟು. ತಿಂಗಳ ಮೊದಲ ದಿನ ಆ ಪಟ್ಟಿ ಯಂತ್ರಕ್ಕೆ ಇಳಿದಿದ್ರೆ, ಸಂಪರ್ಕ ಹೋದಾಗ ಅದರ ಆಧಾರದ ಮೇಲೆ ಕೊಡಬಹುದು, ಬಂದಾಗ ಹೊಂದಿಸಬಹುದು. ಬಹುಪಾಲು ಜನ ತಮ್ಮೂರ ಅಂಗಡಿಯಲ್ಲೇ ತಗೊಳ್ಳೋದು. ತಿಕ್ಕಾಟ ಬರೋದು ಬೇರೆ ಊರಲ್ಲಿ ತಗೊಳ್ಳೋ ಅವಕಾಶ ಇದ್ದಾಗ. ಕರ್ನಾಟಕ, ಆಂಧ್ರ ಎರಡೂ 2020ರ ಜನವರಿಯಿಂದ ‘ಒಂದು ದೇಶ ಒಂದು ಪಡಿತರ’ ಜಾಲದಲ್ಲಿವೆ. ರಾಯದುರ್ಗಕ್ಕೆ ಅಂಟಿಕೊಂಡ ಮೊಳಕಾಲ್ಮೂರಿನಂಥ ಗಡಿ ತಾಲ್ಲೂಕಿಗೆ, ಬರ ಬಂದಾಗ ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋಗುವ ಚಳ್ಳಕೆರೆಯವರಿಗೆ ಇದು ತುಂಬಾ ಬೇಕಾದ ಸೌಲಭ್ಯ. ಅದಕ್ಕೊಂದು ಸರಳ ನಿಯಮ ಸಾಕು. ಸ್ವಂತ ಊರಿನ ಅಂಗಡಿಯಲ್ಲಿ ಆಫ್‌ಲೈನ್ ಆದರೂ ಕೊಡಬಹುದು, ಪರ ಊರಲ್ಲಿ ಆನ್‌ಲೈನ್ ಇದ್ದಾಗ ಮಾತ್ರ.

ಇದಕ್ಕೆ ಬರುವ ಆಕ್ಷೇಪಗಳು ಹುಸಿ ಅಲ್ಲ, ಅವನ್ನು ಎದುರಿಸಲೇಬೇಕು. ಒಂದು, ಬೆರಳಿನ ಗುರುತನ್ನು ಅಂಗಡಿಯ ಯಂತ್ರದಲ್ಲಿ ಇಟ್ಟು ತಾಳೆ ನೋಡೋಕೆ ಆಗಲ್ಲ. ಆಧಾರ್ ಕಾಯ್ದೆ ಅದನ್ನು ತಡೆಯುತ್ತೆ, ತಡೆಯಲೂಬೇಕು. ಹಾಗಾಗಿ ಆಫ್‌ಲೈನ್ ಅಂದ್ರೆ ಕಾರ್ಡ್, ಮುಖಪರಿಚಯ, ಸಹಿ. ಎರಡು, ಇದಕ್ಕಿಂತ ದೊಡ್ಡದು: ಮೋಸ ಮಾಡೋದು ಹೆಚ್ಚಾಗಿ ಕಾರ್ಡುದಾರರಲ್ಲ, ಅಂಗಡಿಯವರು. ಯಾರೂ ಬರದಿದ್ದರೂ ‘ಆಫ್‌ಲೈನ್‌ನಲ್ಲಿ ಕೊಟ್ಟೆ’ ಅಂತ ಬರೆದು ಮೂಟೆ ಸಾಗಿಸಬಹುದು. ಹಳೇ ಕಾಲದಲ್ಲಿ ಹೀಗೆ ನಡೆದಿದೆ ಅನ್ನೋದು ಎಲ್ಲರಿಗೂ ಗೊತ್ತು. ಆದರೆ ಸದಾ ಆನ್‌ಲೈನ್ ಇದ್ರೆ ಮೋಸ ಇಲ್ಲ ಅನ್ನೋದೂ ಸುಳ್ಳು. 2018ರಲ್ಲಿ ಉತ್ತರ ಪ್ರದೇಶದಲ್ಲಿ, ದತ್ತಾಂಶದಲ್ಲಿ ಫಲಾನುಭವಿಗಳ ಆಧಾರ್ ಸಂಖ್ಯೆ ಜಾಗಕ್ಕೆ ಬೇರೆಯವರದ್ದು ಸೇರಿಸಿ, ಅಕ್ಕಿ-ಗೋಧಿ ಎತ್ತಿ, ಮತ್ತೆ ಹಳೇ ಸಂಖ್ಯೆ ಹಾಕಿದ ಹಗರಣ ಹಲವು ಜಿಲ್ಲೆಗಳಲ್ಲಿ ಬಯಲಾಯಿತು. ಯಂತ್ರದ ಲೆಕ್ಕ ಪಕ್ಕಾ ತಾಳೆ ಆಗಿತ್ತು!

ಅಂಗಡಿಯವರ ಮೋಸ ಹಿಡಿಯೋಕೆ ಆಹಾರ ಭದ್ರತಾ ಕಾಯ್ದೆಯಲ್ಲೇ ಸಾಮಾಜಿಕ ಪರಿಶೋಧನೆ, ಜಾಗೃತ ಸಮಿತಿ ಇವೆ. 28 ಮತ್ತು 29ನೇ ಸೆಕ್ಷನ್‌ಗಳು. ಯಾರಿಗೆ ಆಫ್‌ಲೈನ್‌ನಲ್ಲಿ ಕೊಟ್ಟಿದೆ ಅನ್ನೋ ಪಟ್ಟಿಯನ್ನು ಅಂಗಡಿ ಗೋಡೆಗೆ ಅಂಟಿಸಿದ್ರೆ, ‘ನನಗೆಲ್ಲಿ ಕೊಟ್ಟೆ?’ ಅಂತ ಕೇಳೋಕೆ ಸರ್ವರ್ ಬೇಡ. ಆದರೆ ಸಮಿತಿ ಜೀವಂತ ಇಡೋಕೆ ರಾಜಕೀಯ ಮನಸ್ಸು ಬೇಕು, ಯಂತ್ರ ಕೊಳ್ಳೋಕೆ ಟೆಂಡರ್ ಸಾಕು. ನಾವು ಎರಡನೆಯದನ್ನು ಮಾಡಿದೆವು.

2017ರ ಅಕ್ಟೋಬರ್‌ನಲ್ಲಿ ಕೇಂದ್ರ ಆಹಾರ ಇಲಾಖೆ ರಾಜ್ಯಗಳಿಗೆ ಸೂಚನೆ ಕಳಿಸಿತ್ತು: ಆಧಾರ್ ಇಲ್ಲ, ಬೆರಳು ಹೊಂದುತ್ತಿಲ್ಲ, ನೆಟ್‌ವರ್ಕ್ ಇಲ್ಲ ಅನ್ನೋ ಕಾರಣಕ್ಕೆ ಅರ್ಹರಿಗೆ ಪಡಿತರ ನಿರಾಕರಿಸಬಾರದು, ಅಂಥವರಿಗೆ ಬೇರೆ ರಿಜಿಸ್ಟರ್ ಇಟ್ಟು ಕೊಡಬೇಕು. ಜಾರ್ಖಂಡದ ಸಿಮ್ಡೇಗಾದಲ್ಲಿ 11 ವರ್ಷದ ಹುಡುಗಿ ಸತ್ತ ಸುದ್ದಿ ದೇಶವನ್ನು ಅಲುಗಾಡಿಸಿದ ಹೊತ್ತು ಅದು. ಅವರ ಮನೆಯ ಕಾರ್ಡ್ ಆಧಾರ್ ಜೋಡಣೆ ಇಲ್ಲ ಅಂತ ರದ್ದಾಗಿತ್ತು. ಅಂದ್ರೆ ಬರಹದಲ್ಲಿ ಆಫ್‌ಲೈನ್ ದಾರಿ ಆಗಲೇ ಇದೆ. ‘ನಾಳೆ ಬಾರಮ್ಮ’ ಅನ್ನೋ ಪ್ರತಿ ಮಾತು ಆ ಸೂಚನೆಯ ಉಲ್ಲಂಘನೆ. ಅಂಗಡಿಯವರನ್ನು ಮಾತ್ರ ದೂರೋದು ಸುಲಭ. ರಿಜಿಸ್ಟರಿನಲ್ಲಿ ಬರೆದು ಕೊಟ್ಟ ಅಕ್ಕಿ ಆಮೇಲೆ ಲೆಕ್ಕಕ್ಕೆ ಸೇರದಿದ್ರೆ ತಲೆ ಕೊಡಬೇಕಾದವರು ಅವರೇ ಅನ್ನೋ ಭಯವನ್ನು ಯಾರು ಹೋಗಲಾಡಿಸಬೇಕು?

ಚಳ್ಳಕೆರೆಗೆ ಇನ್ನೊಂದು ಹೆಸರಿದೆ ಈಗ, ‘ವಿಜ್ಞಾನ ನಗರಿ’. ದನ-ಕುರಿ ಮೇಯುತ್ತಿದ್ದ ಅಮೃತಮಹಲ್ ಕಾವಲುಗಳಲ್ಲಿ ಡಿಆರ್‌ಡಿಒ, ಇಸ್ರೊ, ಐಐಎಸ್‌ಸಿ, ಬಾರ್ಕ್ ಬೇಲಿ ಹಾಕಿಕೊಂಡಿವೆ. ಆಮೇಲೆ ‘ಪುಷ್ಪಕ್’ ಅಂತ ಹೆಸರಾದ ಇಸ್ರೊದ ಮರುಬಳಕೆ ವಾಹನ 2023ರ ಏಪ್ರಿಲ್ 2ರಂದು ಇಲ್ಲಿನ ರನ್‌ವೇ ಮೇಲೆ ಇಳಿಯಿತು. ಹೆಲಿಕಾಪ್ಟರ್ ಸುಮಾರು 4.5 ಕಿಲೋಮೀಟರ್ ಎತ್ತರದಿಂದ ಕೆಳಗೆ ಬಿಟ್ಟ ಮೇಲೆ, ದಾರಿ ಹುಡುಕಿಕೊಂಡು ಸ್ವಯಂಚಾಲಿತವಾಗಿ. ನೆಲದ ಮೇಲಿನವರ ಕೈಹಿಡಿತವಿಲ್ಲದೆ ತೀರ್ಮಾನ ತಗೊಳ್ಳುವ ಯಂತ್ರವನ್ನು ಕಟ್ಟಬಲ್ಲ ದೇಶ ಇದು. ಅದೇ ತಾಲ್ಲೂಕಿನ ನ್ಯಾಯಬೆಲೆ ಅಂಗಡಿಯ ಯಂತ್ರಕ್ಕೆ 10 ಕೆಜಿ ಅಕ್ಕಿಯ ತೀರ್ಮಾನವನ್ನು ಕೊಟ್ಟಿಲ್ಲ.

ಹಾಗಾದ್ರೆ ಕೇಳಬೇಕಾದ್ದು ಏನು? ‘ನೆಟ್‌ವರ್ಕ್ ಸರಿ ಮಾಡಿ’ ಅನ್ನೋದಷ್ಟೇ ಅಲ್ಲ. ಟವರ್ ಬರಲಿ, ಭಾರತ್‌ನೆಟ್ ಫೈಬರ್ ಬರಲಿ, ಒಳ್ಳೇದೇ. ಆದರೆ ಯಾವ ತಂತಿಯೂ ವರ್ಷಪೂರ್ತಿ ಕಡಿಯದೆ ಇರಲ್ಲ. ಕಡಿದ ದಿನದ ನಷ್ಟ ಯಾರ ಲೆಕ್ಕಕ್ಕೆ ಅಂತ ಕೇಳಬೇಕು. ಕಾನೂನಿನಲ್ಲಿ ಅದಕ್ಕೆ ಉತ್ತರ ಅರ್ಧ ಇದೆ. ಆಹಾರ ಭದ್ರತಾ ಕಾಯ್ದೆಯ 8ನೇ ಸೆಕ್ಷನ್ ಪ್ರಕಾರ, ಅರ್ಹರಿಗೆ ಧಾನ್ಯ ಕೊಡದಿದ್ರೆ ರಾಜ್ಯ ಸರ್ಕಾರ ಆಹಾರ ಭದ್ರತಾ ಭತ್ಯೆ ಕೊಡಬೇಕು. ಸಕಾಲ ಕಾಯ್ದೆಯಡಿ ಸೇವೆ ತಡವಾದ್ರೆ ದಿನಕ್ಕೆ 20 ರೂಪಾಯಿಯಂತೆ 500ರವರೆಗೆ ಪರಿಹಾರ ಕೇಳಬಹುದು. ಆದರೆ ಸಕಾಲದ ಗಡಿಯಾರ ಶುರುವಾಗೋದು ಅರ್ಜಿಗೆ ಜಿಎಸ್‌ಸಿ ಸಂಖ್ಯೆ ಸಿಕ್ಕ ಮೇಲೆ. ಸರ್ವರ್ ಇಲ್ಲದ ದಿನ ಅರ್ಜಿಯನ್ನೇ ತಗೊಳ್ಳಲ್ಲ, ಸಂಖ್ಯೆ ಹುಟ್ಟಲ್ಲ. ಆ ದಿನ ಕೌಂಟರ್ ಮುಂದೆ ನಿಂತವರು ಕಾಯ್ದೆಯ ಕಣ್ಣಿಗೆ ಬಂದೇ ಇಲ್ಲ. ಅರ್ಜಿಯನ್ನು ಸ್ಥಳೀಯವಾಗಿ ಸ್ವೀಕರಿಸಿ, ಸಂಖ್ಯೆ ಕೊಟ್ಟು, ಆಮೇಲೆ ಮೇಲೆ ಕಳಿಸುವ ಹಾಗಾದ್ರೆ ಈ ಒಂದು ಬದಲಾವಣೆಯೇ ಎಷ್ಟೋ ಇಲಾಖೆಗಳನ್ನು ಎಚ್ಚರಿಸುತ್ತೆ.

ಇನ್ನೊಂದು, ಅಳತೆಯ ವಿಷಯ. ಸರ್ವರ್ ನಡೆಸುವ ಒಪ್ಪಂದಗಳಲ್ಲಿ ‘ಶೇ. 99 ಲಭ್ಯತೆ’ ಅಂತ ಬರೆಯೋದು ರೂಢಿ. ಕೇಳೋಕೆ ಭರ್ಜರಿ. ತಿಂಗಳಿಗೆ 720 ಗಂಟೆ, ಅದರಲ್ಲಿ ಶೇ. 1 ಅಂದ್ರೆ 7 ಗಂಟೆ ಚಿಲ್ಲರೆ. ಆ 7 ಗಂಟೆ ರೇಷನ್ ಕೊಡುವ ದಿನವೇ ಬಂದ್ರೆ ಒಪ್ಪಂದ ಉಲ್ಲಂಘನೆ ಆಗಲ್ಲ, ಇಡೀ ಊರು ವಾಪಸ್ ಹೋಗುತ್ತೆ. ಅಷ್ಟೇ ಅಲ್ಲ, ಈ ಲಭ್ಯತೆಯನ್ನು ದತ್ತಾಂಶ ಕೇಂದ್ರದಲ್ಲಿ ಅಳೆದರೆ, ನಾಯಕನಹಟ್ಟಿ ಹೋಬಳಿಯ ಯಂತ್ರಕ್ಕೆ ಸಿಗ್ನಲ್ ಇಲ್ಲದೆ ಹೋದದ್ದು ಆ ಅಳತೆಯಲ್ಲಿ ಸೇರಲ್ಲ. ತನ್ನವರೆಗೆ ಬರದ ಬೇಡಿಕೆಯನ್ನು ಸರ್ವರ್ ಎಣಿಸೋದು ಹೇಗೆ? ಎಣಿಸಬೇಕಾದ್ದು ಅಂಗಡಿಯ ಯಂತ್ರ. ಎಷ್ಟು ಸಲ ಪ್ರಯತ್ನ ಆಯಿತು, ಎಷ್ಟು ಸಲ ಸೋತಿತು, ಎಷ್ಟು ಕಾರ್ಡಿಗೆ ಆ ದಿನ ಅಕ್ಕಿ ಸಿಗಲಿಲ್ಲ ಅಂತ ಅದೇ ಬರೆದಿಟ್ಟುಕೊಂಡು, ಸಂಪರ್ಕ ಬಂದಾಗ ಕಳಿಸಬೇಕು. ಅಂಗಡಿವಾರು ಆ ಪಟ್ಟಿಯನ್ನು ಆಹಾರ ಇಲಾಖೆ ತನ್ನ ವೆಬ್‌ಸೈಟಿನಲ್ಲಿ ಹಾಕಬೇಕು. ಹಾಕದಿದ್ರೆ ಚಳ್ಳಕೆರೆ, ಮೊಳಕಾಲ್ಮೂರಿನ ಹುಡುಗ-ಹುಡುಗಿಯರು 10 ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಲ್ಲಿ ತಮ್ಮ ತಾಲ್ಲೂಕಿನ ಲೆಕ್ಕ ಕೇಳಬಹುದು. ಜೊತೆಗೆ ಇನ್ನೆರಡು ಪ್ರಶ್ನೆ ಸೇರಿಸಿ: 2017ರ ಸೂಚನೆಯಂತೆ ನಿಮ್ಮ ಅಂಗಡಿಯಲ್ಲಿ ಆ ಬೇರೆ ರಿಜಿಸ್ಟರ್ ಇದೆಯಾ, ಕಳೆದ ಆರು ತಿಂಗಳಲ್ಲಿ ಅದರಲ್ಲಿ ಎಷ್ಟು ಹೆಸರು ಬರೆದಿದ್ದಾರೆ?